ಕೊನೆಯ ದಿನ, ಫಾರ್ಮ್ 7004

ಮಾರ್ಚ್ ತಿಂಗಳ ಎರಡನೇ ವಾರ. ಡಿಸೆಂಬರಿನ ಬ್ಯಾಂಕ್ ಸ್ಟೇಟ್‌ಮೆಂಟಿಗೂ ಪುಸ್ತಕದ ಶಿಲ್ಕಿಗೂ ಇನ್ನೂ ತಾಳೆಯಾಗಿಲ್ಲ. ಹಣ ಹೂಡಿದ ಇನ್ನೊಂದು ಸಂಸ್ಥೆಯಿಂದ ಬರಬೇಕಾದ ಕೆ-1 (ನಮ್ಮ ಪಾಲಿನ ಲಾಭನಷ್ಟ ತಿಳಿಸುವ ಪತ್ರ) ಕೈಸೇರಿಲ್ಲ. ಅಮೆರಿಕದಲ್ಲಿ ಪಾಲುದಾರಿಕೆಯನ್ನೋ ಎಸ್ ಕಾರ್ಪೊರೇಷನ್ (ಲಾಭದ ತೆರಿಗೆಯನ್ನು ಸಾಮಾನ್ಯವಾಗಿ ಷೇರುದಾರರೇ ಕಟ್ಟುವ ಕಂಪನಿ) ಅನ್ನೋ ನಡೆಸುವವರಿಗೆ ಇದು ವರ್ಷ ವರ್ಷದ ಪಾಡು. ಕ್ಯಾಲೆಂಡರ್ ವರ್ಷದ ಲೆಕ್ಕ ಇಡುವವರಿಗೆ ತೆರಿಗೆ ರಿಟರ್ನ್ ಸಲ್ಲಿಸಲು ಮಾರ್ಚ್ 15 ಕಡೆಯ ದಿನ. 2026ರಲ್ಲಿ ಆ ದಿನ ಭಾನುವಾರವಾದ್ದರಿಂದ 16ನೇ ತಾರೀಖು. ಅರೆಬರೆ ಲೆಕ್ಕವನ್ನು ತರಾತುರಿಯಲ್ಲಿ ಕಳಿಸಿ, ಆಮೇಲೆ ತಿದ್ದುಪಡಿ ಹಾಕಿ, ಎಲ್ಲ ಪಾಲುದಾರರ ಕೆ-1 ಮತ್ತೆ ಬರೆದುಕೊಡುವ ಸಂಕಟಕ್ಕಿಂತ ಫಾರ್ಮ್ 7004 ಕಳಿಸಿ ಆರು ತಿಂಗಳ ಕಾಲಾವಕಾಶ ಪಡೆಯುವುದೇ ಮೇಲು. ಕಾರಣ ಕೊಡಬೇಕಿಲ್ಲ, ಸಹಿಯೂ ಬೇಡ. ಸರಿಯಾಗಿ ತುಂಬಿ ಹೊತ್ತಿಗೆ ಕಳಿಸಿದರೆ ಅವಕಾಶ ತಾನಾಗಿಯೇ ಸಿಗುತ್ತದೆ.

ಬೆಳಿಗ್ಗೆ ಮೊದಲು ಖಚಿತ ಮಾಡಿಕೊಳ್ಳಬೇಕಾದ್ದು, ಈ ಫಾರ್ಮ್ ನಮಗೆ ಸಲ್ಲುತ್ತದೆಯೇ ಎಂಬುದು. ಒಬ್ಬರೇ ಮಾಲೀಕರಿರುವ ಎಲ್‌ಎಲ್‌ಸಿ (ಸೀಮಿತ ಹೊಣೆಯ ಕಂಪನಿ) ಕಾರ್ಪೊರೇಷನ್ ಆಗಿ ತೆರಿಗೆ ಕಟ್ಟಲು ಆಯ್ಕೆ ಮಾಡಿಕೊಂಡಿಲ್ಲದಿದ್ದರೆ ಅದರ ಆದಾಯ ಮಾಲೀಕರ ಸ್ವಂತ ರಿಟರ್ನಿನ ಶೆಡ್ಯೂಲ್ ಸಿ ಎಂಬ ವ್ಯಾಪಾರದ ಲಾಭನಷ್ಟದ ಪುಟದಲ್ಲಿ ಹೋಗುತ್ತದೆ. ಅವರಿಗೆ ಬೇಕಾದ್ದು ಏಪ್ರಿಲ್ 15ರೊಳಗೆ ಫಾರ್ಮ್ 4868, ಅಂದರೆ ಸ್ವಂತ ರಿಟರ್ನಿಗೆ ಅವಕಾಶ ಕೇಳುವ ಫಾರ್ಮ್. ಹೆಸರಿನಲ್ಲಿ ಎಲ್‌ಎಲ್‌ಸಿ ಇದೆಯೆಂದು 7004 ಕಳಿಸಿ ನೆಮ್ಮದಿಯಿಂದ ಕೂತವರಿಗೆ ಸ್ವಂತ ರಿಟರ್ನಿಗೆ ಅವಕಾಶವೇ ಸಿಕ್ಕಿರುವುದಿಲ್ಲ.

ಆಮೇಲೆ ಒಂದನೇ ಸಾಲಿನ ಎರಡಂಕಿಯ ಕೋಡ್, ಯಾವ ರಿಟರ್ನಿಗೆ ಅವಕಾಶ ಬೇಕೆಂದು ತಿಳಿಸುವುದು. ಪಾಲುದಾರಿಕೆಯ ರಿಟರ್ನ್ ಫಾರ್ಮ್ 1065ಕ್ಕೆ 09, ಸಾಮಾನ್ಯ ಕಾರ್ಪೊರೇಷನ್ನಿನ 1120ಕ್ಕೆ 12, ಎಸ್ ಕಾರ್ಪೊರೇಷನ್ನಿನ 1120-ಎಸ್‌ಗೆ 25. ಒಂದು ಫಾರ್ಮಿಗೆ ಒಂದೇ ರಿಟರ್ನ್. ಎರಡು ಸಂಸ್ಥೆಗಳಿದ್ದರೆ ಎರಡು 7004. ಆಯಾ ವರ್ಷವೇ ಎಸ್ ಸ್ಥಾನಮಾನಕ್ಕೆ ಬದಲಾದವರು ಇಲ್ಲಿ ಎಡವುತ್ತಾರೆ: ಹಳೆಯ ಅಭ್ಯಾಸದಂತೆ 12 ಎಂದು ಬರೆದುಬಿಡುತ್ತಾರೆ. ಎಸ್ ಸ್ಥಾನಮಾನ ಕೋರುವ ಫಾರ್ಮ್ 2553 ಕೊಟ್ಟಿದ್ದು ನಿಜವೇ, ಅದಕ್ಕೆ ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ನಿಂದ ಒಪ್ಪಿಗೆ ಪತ್ರ ಬಂದಿದೆಯೇ ಎಂದು ಕಡತ ತೆರೆದು ನೋಡಿ. 7004 ಕಳಿಸಿದರೆ 2553ರ ಗಡುವು ಮುಂದೆ ಹೋಗುವುದಿಲ್ಲ.

ಫಾರ್ಮ್ ತುಂಬುವ ಕೆಲಸ ಹತ್ತು ನಿಮಿಷದ್ದು. ದಿನವೆಲ್ಲ ಹಿಡಿಯುವುದು ಆರನೇ ಸಾಲು, ಅಂದರೆ ವರ್ಷದ ಒಟ್ಟು ತೆರಿಗೆಯ ಅಂದಾಜು. ಪಾಲುದಾರಿಕೆಗೆ ಇಲ್ಲಿ ಸಾಮಾನ್ಯವಾಗಿ ಸೊನ್ನೆ, ಏಕೆಂದರೆ ತೆರಿಗೆ ಕಟ್ಟುವವರು ಪಾಲುದಾರರು. ಏಪ್ರಿಲ್ 15ರ ಗಡುವಿನ ಸಾಮಾನ್ಯ ಕಾರ್ಪೊರೇಷನ್ನಿಗೆ ಹಾಗಲ್ಲ. ಲಾಭ ಸುಮಾರು 1,20,000 ಡಾಲರ್ ಎಂದು ಪುಸ್ತಕ ಹೇಳಿದರೆ, ಶೇ. 21ರಂತೆ ತೆರಿಗೆ 25,200. ನಾಲ್ಕು ಕಂತಿನ ಮುಂಗಡವಾಗಿ 20,000 ಕಟ್ಟಿದ್ದರೆ ಅದು ಏಳನೇ ಸಾಲಿಗೆ, ಉಳಿದ 5,200 ಎಂಟನೇ ಸಾಲಿಗೆ. ಆ 5,200 ಗಡುವಿನ ದಿನದೊಳಗೇ ಸಂದಾಯವಾಗಬೇಕು. ಅವಕಾಶ ಸಿಗುವುದು ರಿಟರ್ನ್ ಸಲ್ಲಿಸಲಿಕ್ಕೆ ಮಾತ್ರ, ಹಣ ಕಟ್ಟಲಿಕ್ಕೆ ಒಂದು ದಿನವೂ ಹೆಚ್ಚು ಸಿಗುವುದಿಲ್ಲ. ಎಷ್ಟು ಸಲ ಹೇಳಿದರೂ ಜನ ತಪ್ಪುವುದು ಇಲ್ಲೇ. ಕಟ್ಟದಿದ್ದರೆ ತಿಂಗಳಿಗೆ ಅರ್ಧ ಶೇಕಡಾ ದಂಡ, ಇಲ್ಲಿ 26 ಡಾಲರ್, ಜೊತೆಗೆ ಬಡ್ಡಿ. ಆದರೆ ರಿಟರ್ನೂ ಇಲ್ಲ, 7004 ಕೂಡ ಇಲ್ಲ ಎಂದಾದರೆ ಎರಡೂ ದಂಡ ಸೇರಿ ತಿಂಗಳಿಗೆ ಶೇ. 5, ಅಂದರೆ 260 ಡಾಲರ್. ಕೈಯಲ್ಲಿ ಹಣವಿಲ್ಲದಿದ್ದರೂ ಫಾರ್ಮ್ ಕಳಿಸಲೇಬೇಕು ಎನ್ನುವುದು ಇದಕ್ಕೇ. ಅಂದಾಜು ಮಾತ್ರ ಪ್ರಾಮಾಣಿಕವಾಗಿರಲಿ. ಲೆಕ್ಕವನ್ನೇ ನೋಡದೆ ಸೊನ್ನೆ ಹಾಕಿದರೆ ಅವಕಾಶವೇ ಅಸಿಂಧುವಾಗಬಹುದು. ಅಂದಾಜಿಗೆ ಬಳಸಿದ ಹಾಳೆಯನ್ನು ಕಡತದಲ್ಲಿಡಿ.

ಹಣ ಕಳಿಸುವವರು ಹಿಂದಿನ ದಿನವೇ ಎಚ್ಚರವಾಗಿರಬೇಕು. ಸರ್ಕಾರದ ಆನ್‌ಲೈನ್ ತೆರಿಗೆ ಪಾವತಿ ವ್ಯವಸ್ಥೆಯಾದ ಇಎಫ್‌ಟಿಪಿಎಸ್ ಮೂಲಕ ಕಟ್ಟುವುದಾದರೆ ಗಡುವಿನ ಹಿಂದಿನ ರಾತ್ರಿ ಅಮೆರಿಕದ ಪೂರ್ವ ಕಾಲವಲಯದ 8 ಗಂಟೆಯೊಳಗೆ ನಮೂದಿಸಬೇಕು. ಹೊಸಬರಿಗೆ ಅದರ ಪಿನ್ ಅಂಚೆಯಲ್ಲಿ ಬರುತ್ತದೆ. ಕೊನೆಯ ದಿನ ನೋಂದಾಯಿಸಿದರೆ ಪ್ರಯೋಜನವಿಲ್ಲ. ಆಗ ಬ್ಯಾಂಕಿನಲ್ಲಿ ಅದೇ ದಿನ ಹಣ ತಲುಪಿಸುವ ವೈರ್ ವರ್ಗಾವಣೆ ಕೇಳಬೇಕು, ಆ ಬ್ಯಾಂಕಿನ ವೇಳೆ ಮುಗಿಯುವ ಮುಂಚೆ.

ಸಂಜೆ ಇ-ಫೈಲ್ ಮಾಡಿ ಎದ್ದು ಹೋಗಬೇಡಿ. ಕಳಿಸಿದ್ದಾಯಿತು ಎಂಬ ಸಂದೇಶ ಬೇರೆ, ಸ್ವೀಕರಿಸಿದ್ದಾಯಿತು ಎಂಬುದು ಬೇರೆ. ತಿರಸ್ಕೃತವಾಗಿ ಮರಳುವ ಫಾರ್ಮುಗಳಲ್ಲಿ ಹೆಚ್ಚಿನವು ಒಂದೇ ಕಾರಣಕ್ಕೆ: ಇಐಎನ್ ಎಂಬ ಸಂಸ್ಥೆಯ ತೆರಿಗೆ ಗುರುತಿನ ಸಂಖ್ಯೆಗೂ ಹೆಸರಿಗೂ ಹೊಂದಿಕೆಯಾಗಿಲ್ಲ. ಹೆಸರಿನ ಮೊದಲ ನಾಲ್ಕು ಅಕ್ಷರ ಐಆರ್‌ಎಸ್ ದಾಖಲೆಯಲ್ಲಿರುವಂತೆಯೇ ಇರಬೇಕು. ಕಂಪನಿ ರಾಜ್ಯದಲ್ಲಿ ಹೆಸರು ಬದಲಿಸಿಕೊಂಡು ಐಆರ್‌ಎಸ್‌ಗೆ ತಿಳಿಸಿರುವುದಿಲ್ಲ. ಅಲ್ಲಿ ಇನ್ನೂ ಹಳೆಯ ಹೆಸರೇ ಇರುತ್ತದೆ. ಇಐಎನ್ ಕೊಟ್ಟಾಗ ಬಂದ ಸಿಪಿ 575 ಪತ್ರವನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಅಕ್ಷರ ಹೋಲಿಸಿ. ಪತ್ರ ಕಳೆದಿದ್ದರೆ ಐಆರ್‌ಎಸ್‌ಗೆ ಫೋನ್ ಮಾಡಿ ಇಐಎನ್ ದೃಢೀಕರಿಸುವ 147ಸಿ ಪತ್ರ ಕೇಳಬಹುದು. ಗಡುವಿನೊಳಗೆ ಕಳಿಸಿದ 7004 ತಿರಸ್ಕೃತವಾದರೆ 5 ದಿನದೊಳಗೆ ಸರಿಪಡಿಸಿ ಮತ್ತೆ ಕಳಿಸಿ. ಹೊತ್ತಿಗೆ ಬಂದಂತೆಯೇ ಎಣಿಸುತ್ತಾರೆ. ವಾರಾಂತ್ಯವೂ ಆ 5 ದಿನದೊಳಗೇ ಸೇರುತ್ತದೆ. ಒಪ್ಪಿಗೆಯ ಪತ್ರ ಮನೆಗೆ ಬರುವುದಿಲ್ಲ, ನಿರಾಕರಿಸಿದರೆ ಮಾತ್ರ ತಿಳಿಸುತ್ತಾರೆ. ಆದ್ದರಿಂದ ತಿರಸ್ಕಾರದ ಸಂದೇಶ, ಆಮೇಲಿನ ಸ್ವೀಕೃತಿ, ಎರಡನ್ನೂ ಮುದ್ರಿಸಿಡಿ.

ಪಾಲುದಾರಿಕೆಗೆ ತೆರಿಗೆಯೇ ಇಲ್ಲವಲ್ಲ, ತಡವಾದರೇನು ಎನ್ನುವವರಿಗೆ ಈ ಲೆಕ್ಕ: 2024ರ ರಿಟರ್ನಿಗೆ ದಂಡ ತಲಾ ಪಾಲುದಾರರಿಗೆ ತಿಂಗಳಿಗೆ 245 ಡಾಲರ್, ತಿಂಗಳ ಒಂದು ದಿನವಾದರೂ ಪೂರ್ತಿ ತಿಂಗಳು. ನಾಲ್ವರು ಪಾಲುದಾರರು, ಮೂರು ತಿಂಗಳು ತಡ: 2,940 ಡಾಲರ್. ಎಸ್ ಕಾರ್ಪೊರೇಷನ್ನಿನ ಷೇರುದಾರರಿಗೂ ಇದೇ ದರ.

ರಾಜ್ಯದ ಗಡುವು ಪ್ರತ್ಯೇಕ. ಕ್ಯಾಲಿಫೋರ್ನಿಯಾದಲ್ಲಿ ಅವಕಾಶಕ್ಕೆ ಅರ್ಜಿಯೇ ಬೇಡ, ಆದರೆ ಕನಿಷ್ಠ ತೆರಿಗೆಯಾದ 800 ಡಾಲರ್ ಕಟ್ಟುವ ಗಡುವು ಅದರಿಂದ ಮುಂದೆ ಹೋಗುವುದಿಲ್ಲ. ನ್ಯೂಯಾರ್ಕಿನಲ್ಲಿ ಪಾಲುದಾರಿಕೆ ರಾಜ್ಯದ ಅವಕಾಶದ ಅರ್ಜಿಯಾದ ಐಟಿ-370-ಪಿಎಫ್ ಬೇರೆಯಾಗಿ ಕಳಿಸಬೇಕು.

ಎಲ್ಲ ಮುಗಿದ ಮೇಲೆ, ಅದೇ ಸಂಜೆ, ಪಾಲುದಾರರೆಲ್ಲರಿಗೂ ಒಂದು ಸಂದೇಶ ಹೋಗಲಿ. ಅವರ ಕೆ-1 ಸೆಪ್ಟೆಂಬರ್ 15ರವರೆಗೂ ತಡವಾಗಬಹುದು. ಏಪ್ರಿಲ್ 15ರೊಳಗೆ ಅವರವರ 4868 ಅವರೇ ಕಳಿಸಬೇಕು, ತಮ್ಮ ಪಾಲಿನ ಲಾಭದ ತೆರಿಗೆಯನ್ನೂ ಆಗಲೇ ಕಟ್ಟಬೇಕು. ಅದಕ್ಕೆ ಬೇಕಾದ ಅಂದಾಜು ಲಾಭದ ಅಂಕಿಯನ್ನೂ ಸಂದೇಶದಲ್ಲೇ ಬರೆಯಿರಿ.