ನೆತ್ತಿ ತೆರೆದ ಮನೆ: ಸೋನ್-ಕುಲ್ ದಂಡೆಯ ಯರ್ಟ್ ವಾಸ

ಕಿರ್ಗಿಸ್ತಾನದ ನಕ್ಷೆಯನ್ನು ಬಿಡಿಸಿದರೆ ಇಸ್ಸಿಕ್-ಕುಲ್ ಸರೋವರ ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಅದರ ನೈಋತ್ಯಕ್ಕೆ, ನಾರಿನ್ ಪ್ರಾಂತ್ಯದ ಪರ್ವತಗಳ ನಡುವೆ 3,016 ಮೀಟರ್ ಎತ್ತರದಲ್ಲಿರುವ ಸೋನ್-ಕುಲ್ ಸರೋವರವನ್ನು ಮಾತ್ರ ಹುಡುಕಬೇಕಾಗುತ್ತದೆ. ಸುಮಾರು 270 ಚದರ ಕಿಲೋಮೀಟರ್ ಹರಡಿಕೊಂಡಿರುವ ಈ ನೀರಿನ ಸುತ್ತ ಮರಗಳಿಲ್ಲ, ಊರುಗಳಿಲ್ಲ, ಚಳಿಗಾಲದಲ್ಲಿ ಬಹುಮಟ್ಟಿಗೆ ಮನುಷ್ಯರೂ ಇರುವುದಿಲ್ಲ. ಜೂನ್ ತಿಂಗಳಲ್ಲಿ ಹಿಮ ಕರಗಿ ಹುಲ್ಲು ಚಿಗುರಿದ ಮೇಲೆ ಕುರಿ, ದನ, ಕುದುರೆಗಳನ್ನು ಹೊಡೆದುಕೊಂಡು ಮೇಲೆ ಬರುವ ಕುಟುಂಬಗಳು ಸೆಪ್ಟೆಂಬರ್ ಹೊತ್ತಿಗೆ ಯರ್ಟ್ ಎಂಬ ತಮ್ಮ ದುಂಡು ಗುಡಾರದ ಮನೆಗಳನ್ನು ಮಡಚಿಕೊಂಡು ಮತ್ತೆ ಕೆಳಗಿನ ಹಳ್ಳಿಗಳಿಗೆ ಇಳಿಯುತ್ತವೆ. ಇಂತಹ ಬೇಸಿಗೆಯ ಹುಲ್ಲುಗಾವಲಿಗೆ ಅಲ್ಲಿಯವರು ಜೈಲೂ ಎನ್ನುತ್ತಾರೆ. ಈಚಿನ ವರ್ಷಗಳಲ್ಲಿ ಕುರಿಗಾಹಿಗಳ ಯರ್ಟ್‌ಗಳ ಪಕ್ಕದಲ್ಲಿಯೇ ಪ್ರವಾಸಿಗರಿಗಾಗಿ ಹಾಸಿಗೆ, ಸ್ನಾನಗೃಹ, ವಿದ್ಯುತ್ ದೀಪಗಳಿರುವ ಸುಖವಾಸದ ಯರ್ಟ್‌ಗಳೂ ಎದ್ದಿವೆ. ನಾನು ಮತ್ತು ನನ್ನ ಪತ್ನಿ ಕಾಯ್ದಿರಿಸಿದ್ದು ಇಂತಹ ಗ್ಲಾಂಪಿಂಗ್ ಯರ್ಟ್ ಒಂದನ್ನು.

ರಾಜಧಾನಿ ಬಿಷ್ಕೆಕ್ ನಗರದ ಬಗ್ಗೆ ಹೇಳುವುದಕ್ಕೆ ನನ್ನಲ್ಲಿ ಹೆಚ್ಚೇನೂ ಇಲ್ಲ. ಅಗಲವಾದ ರಸ್ತೆಗಳು, ಸಾಲುಮರಗಳು, ಅಲಾ-ತೂ ಚೌಕದಲ್ಲಿ ಹಾರಾಡುವ ದೊಡ್ಡ ಕೆಂಪು ಬಾವುಟ, ಇಷ್ಟು ನೆನಪಿನಲ್ಲಿವೆ. ಬೂಮ್ ಕಣಿವೆಯಲ್ಲಿ ಚೂ ನದಿಯ ಪಕ್ಕದಲ್ಲಿ ಸಾಗಿ, ಕೊಚ್ಕೋರ್ ಎಂಬ ಸಣ್ಣ ಊರನ್ನು ದಾಟಿ, 3,400 ಮೀಟರಿಗೂ ಎತ್ತರವಿರುವ ಕಲ್ಮಾಕ್-ಅಶೂ ಕಣಿವೆಹಾದಿಯನ್ನು ಏರಿ ಇಳಿದರೆ ಸರೋವರ ಒಮ್ಮೆಗೇ ಎದುರಾಗುತ್ತದೆ. ನಗರ ಇರುವುದು ಸುಮಾರು 800 ಮೀಟರ್ ಎತ್ತರದಲ್ಲಿ. ಅಲ್ಲಿಂದ ಒಂದೇ ಹಗಲಿನಲ್ಲಿ ಮೂರು ಸಾವಿರ ಮೀಟರ್ ದಾಟಿ ಮಲಗಿದರೆ ತಲೆನೋವು ಬರುವುದು ಸಹಜ. ನಡುವೆ ಕೊಚ್ಕೋರ್‌ನಲ್ಲಿ ಒಂದು ರಾತ್ರಿ ತಂಗುತ್ತೇವೆ ಎಂದು ನಾವು ಮೊದಲೇ ಕೇಳಿಕೊಂಡಿದ್ದರೂ, ಪ್ರವಾಸದ ಏರ್ಪಾಡು ಮಾಡಿದ ಸಂಸ್ಥೆಯವರು 'ಅದರ ಅಗತ್ಯವೇ ಇಲ್ಲ' ಎಂದು ಆ ರಾತ್ರಿಯನ್ನು ಪಟ್ಟಿಯಿಂದ ತೆಗೆದುಹಾಕಿದ್ದರು. ಹೋಗುವವರು ಈ ಒಂದು ವಿಷಯದಲ್ಲಿ ಯಾರ ಮಾತಿಗೂ ಮಣಿಯಬಾರದು. ಕೊಚ್ಕೋರ್ ಸುಮಾರು 1,800 ಮೀಟರ್ ಎತ್ತರದಲ್ಲಿದೆ, ದೇಹ ಹೊಂದಿಕೊಳ್ಳಲು ಹೇಳಿಮಾಡಿಸಿದ ತಾಣ.

ನಮ್ಮ ಯರ್ಟ್ ಹೊರನೋಟಕ್ಕೆ ಬಲು ಚೆನ್ನಾಗಿತ್ತು. ಒಳಗೆ ಮರದ ನೆಲ, ಎತ್ತರದ ಮಂಚ, ದಪ್ಪ ಗರಿಯ ರಜಾಯಿ, ಕಬ್ಬಿಣದ ಒಲೆ, ಒಂದು ಬದಿಗೆ ತಡಿಕೆ ಕಟ್ಟಿ ಮಾಡಿದ ಶೌಚಾಲಯ. ಗೋಡೆಗಳಿಗೆ ಕೆನೆಬಣ್ಣದ ಬಟ್ಟೆಯನ್ನು ಬಿಗಿದಿದ್ದರಿಂದ ಯರ್ಟ್‌ನ ಮೂಳೆಗಳೊಂದೂ ಕಾಣುತ್ತಿರಲಿಲ್ಲ. ಬಾಗಿಲು ಹಾಕಿದರೆ ಯಾವುದೋ ಹೋಟೆಲಿನ ದುಂಡು ಕೋಣೆಯಲ್ಲಿರುವಂತೆಯೇ ಅನ್ನಿಸುತ್ತಿತ್ತು. ಆ ಸಂಸ್ಥೆಯವರು ಎಲ್ಲಕ್ಕಿಂತ ಹೆಚ್ಚು ಕೊಂಡಾಡಿದ್ದು ಛಾವಣಿಯ ನೆತ್ತಿಯಲ್ಲಿ ಕೂರಿಸಿದ್ದ ಪಾರದರ್ಶಕ ಪ್ಲಾಸ್ಟಿಕ್ ಗುಮ್ಮಟವನ್ನು. ಮಲಗಿದಲ್ಲಿಂದಲೇ ನಕ್ಷತ್ರಗಳನ್ನು ನೋಡಬಹುದು ಎಂಬ ಆ ಒಂದು ಸಾಲಿಗಾಗಿಯೇ ಬಾಡಿಗೆ ಪಕ್ಕದ ಯರ್ಟ್‌ಗಳಿಗಿಂತ ಬಹಳ ಹೆಚ್ಚಾಗಿತ್ತು.

ನಕ್ಷತ್ರಗಳನ್ನು ನೋಡಿದ್ದು ನಿಜ, ಅರ್ಧ ಗಂಟೆಯಷ್ಟು. ಒಲೆಯ ಮೇಲೆ ಕುದಿಯುತ್ತಿದ್ದ ಕೆಟಲಿನ ಹಬೆ, ಇಬ್ಬರ ಉಸಿರು, ಒದ್ದೆ ಬಟ್ಟೆಗಳ ತೇವ, ಎಲ್ಲವೂ ಮೇಲೇರಿ ಹೊರಗಿನ ಚಳಿಗೆ ತಣ್ಣಗಾದ ಪ್ಲಾಸ್ಟಿಕ್ಕಿಗೆ ತಾಗಿ ನೀರಾಗತೊಡಗಿದವು. ಮೊದಲು ಗುಮ್ಮಟ ಮಬ್ಬಾಯಿತು, ಆಮೇಲೆ ಅದರ ಅಂಚಿನಲ್ಲಿ ಹನಿಗಳು ಸಾಲುಗಟ್ಟಿದವು, ನಡುರಾತ್ರಿಯ ಹೊತ್ತಿಗೆ ಒಂದೊಂದಾಗಿ ರಜಾಯಿಯ ಮೇಲೆ ಬೀಳತೊಡಗಿದವು. ಜುಲೈ ತಿಂಗಳಾದರೂ ಅಲ್ಲಿ ರಾತ್ರಿಯ ಉಷ್ಣತೆ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ಒಲೆ ಆರಿದ ಮೇಲೆ ಒದ್ದೆ ರಜಾಯಿ ಮೈಗೆ ಅಂಟಿದರೆ ಏನಾಗುತ್ತದೆಂದು ವಿವರಿಸಬೇಕಾಗಿಲ್ಲ. ಗುಮ್ಮಟವನ್ನು ತೆರೆಯೋಣವೆಂದರೆ ಅದನ್ನು ತಿರುಪುಮೊಳೆಗಳಿಂದ ಬಿಗಿದಿದ್ದರು. ಒಲೆಯನ್ನು ಮತ್ತೆ ಹೊತ್ತಿಸಲು ಬಂದ ಹುಡುಗ ಮೇಲೆ ನೋಡಿ, ಇದು ದಿನವೂ ಇದ್ದದ್ದೇ ಎಂಬ ಹಾಗೆ ನಕ್ಕು, ಮಂಚವನ್ನು ಗೋಡೆಯ ಬದಿಗೆ ತಳ್ಳಿಕೊಟ್ಟು ಹೋದ.

ಬೆಳಿಗ್ಗೆ ಚಹಾಕ್ಕೆಂದು ಪಕ್ಕದ ಯರ್ಟ್‌ಗೆ ಕರೆದರು. ಅದು ಆ ಶಿಬಿರಕ್ಕೆ ಹಾಲು, ಬ್ರೆಡ್ಡು ಒದಗಿಸುವ ಕುರಿಗಾಹಿ ಕುಟುಂಬದ ಸ್ವಂತ ಮನೆ. ಒಳಗೆ ಕಾಲಿಟ್ಟೊಡನೆ ನನಗೆ ಗೊತ್ತಾದದ್ದು, ರಾತ್ರಿಯೆಲ್ಲ ನಾವು ಯರ್ಟ್‌ನಲ್ಲಿ ಮಲಗಿಯೇ ಇರಲಿಲ್ಲ ಎಂಬುದು. ಇಲ್ಲಿ ಯಾವುದನ್ನೂ ಬಟ್ಟೆಯಿಂದ ಮುಚ್ಚಿರಲಿಲ್ಲ. ಸುತ್ತಲೂ ವಿಲೋ ಮರದ ತೆಳು ಪಟ್ಟಿಗಳನ್ನು ಅಡ್ಡಡ್ಡವಾಗಿ ಹೆಣೆದ ಜಾಲರಿಯ ಗೋಡೆ, ಅದಕ್ಕೆ ಕೆರೆಗೆ ಎಂದು ಹೆಸರು. ಪಟ್ಟಿಗಳು ಒಂದನ್ನೊಂದು ಹಾಯುವ ಕಡೆಗಳಲ್ಲೆಲ್ಲ ಮೊಳೆಯ ಬದಲು ಹಸಿ ಚರ್ಮದ ಪುಟ್ಟ ಗಂಟು. ಚರ್ಮ ಒಣಗಿ ಬಿಗಿಯಾದರೂ ಕೀಲಿನಂತೆ ಆಡುವುದರಿಂದ ಇಡೀ ಗೋಡೆಯನ್ನು ಒಂದು ತೋಳಗಲಕ್ಕೆ ಮಡಚಬಹುದು. ಗೋಡೆಯ ತುದಿಗಳಿಂದ ಊಕ್ ಎಂಬ ಕೆಂಪು ಬಣ್ಣದ ಗಳುಗಳು, 60ಕ್ಕೂ ಹೆಚ್ಚು, ಮೇಲೇರಿ ನೆತ್ತಿಯ ಮರದ ಬಳೆಯ ತೂತುಗಳಲ್ಲಿ ಸೇರಿಕೊಂಡಿದ್ದವು. ಆ ಬಳೆಯೇ ತುಂದುಕ್. ಬಳೆಯ ಒಳಗೆ ಬಾಗಿಸಿದ ಮೂರು ಮೂರು ಕಡ್ಡಿಗಳು ಒಂದನ್ನೊಂದು ಹಾಯ್ದು ಮೇಲಕ್ಕೆ ಉಬ್ಬಿದ್ದವು, ಅವುಗಳ ನಡುವೆ ಬರೀ ಆಕಾಶವಿತ್ತು.

ಈ ರಚನೆಯನ್ನು ನಾನು ಎಷ್ಟು ಹೊತ್ತು ನೋಡಿದರೂ ಸಾಕಾಗಲಿಲ್ಲ. ಮಂಗೋಲಿಯದ ಗೆರ್ ಎಂಬ ಗುಡಾರದಲ್ಲಿ ನೆತ್ತಿಯ ಬಳೆಯನ್ನು ಸಾಮಾನ್ಯವಾಗಿ ಎರಡು ಕಂಬಗಳು ಹೊತ್ತಿರುತ್ತವೆ. ಅಲ್ಲಿಯ ಗಳುಗಳು ನೇರವಾಗಿರುತ್ತವೆ. ಕಿರ್ಗಿಜ್ ಯರ್ಟ್‌ನಲ್ಲಿ ಕಂಬವೇ ಇಲ್ಲ. ಇಲ್ಲಿಯ ಗಳುಗಳು ಬುಡದಲ್ಲಿ ಬಾಗಿರುವುದರಿಂದ ಮನೆಗೆ ದುಂಡು ಭುಜ ಬಂದಿದೆ. ಭಾರವಾದ ತುಂದುಕ್ ಕೆಳಗೆ ಒತ್ತುತ್ತದೆ, ಆ ಒತ್ತಡ ಗಳುಗಳ ಮೂಲಕ ಗೋಡೆಯ ತಲೆಯನ್ನು ಹೊರಕ್ಕೆ ತಳ್ಳುತ್ತದೆ, ಗೋಡೆಯ ಸುತ್ತ ಸೊಂಟಪಟ್ಟಿಯ ಹಾಗೆ ಬಿಗಿದ ನೇಯ್ದ ಪಟ್ಟಿ ಅದನ್ನು ಹಿಡಿದು ನಿಲ್ಲಿಸುತ್ತದೆ. ಒಂದು ಅಂಗುಲವನ್ನೂ ನೆಲದಲ್ಲಿ ಹೂಳದೆ, ಒಂದು ಮೊಳೆಯನ್ನೂ ಹೊಡೆಯದೆ ಪರ್ವತದ ಗಾಳಿಗೆ ಎದೆಯೊಡ್ಡಿ ನಿಂತಿರುವ ಈ ಮನೆ ಯಾವ ಎಂಜಿನಿಯರನಿಗೂ ಹೊಟ್ಟೆಕಿಚ್ಚು ತರಿಸುವಂಥದ್ದು. ಬಿಷ್ಕೆಕ್ ಚೌಕದಲ್ಲಿ ಕಂಡ ಬಾವುಟದ ಸೂರ್ಯನ ನಡುವೆ ಇರುವ ಗುರುತು ಈ ತುಂದುಕ್‌ನದೇ. 1992ರಲ್ಲಿ ಅಂಗೀಕರಿಸಿದ ಆ ಬಾವುಟದ 40 ಕಿರಣಗಳು ಮೊದಲು ಅಲೆಯಲೆಯಾಗಿದ್ದವು. 2023ರ ಡಿಸೆಂಬರಿನಲ್ಲಿ ಕಾನೂನು ಮಾಡಿ ಅವನ್ನು ನೇರವಾಗಿಸಿದರು. ನೆತ್ತಿಯ ಬಳೆ ಮಾತ್ರ ಹಾಗೆಯೇ ಉಳಿಯಿತು.

ಮನೆಯೊಡತಿಗೆ ಐವತ್ತು ದಾಟಿರಬೇಕು. ಎಲ್ಲರೂ ಆಕೆಯನ್ನು ಎಜೆ, ಅಂದರೆ ಅಕ್ಕ ಎಂದು ಕರೆಯುತ್ತಿದ್ದುದರಿಂದ ನಾವೂ ಹಾಗೆಯೇ ಕರೆದೆವು. ಬಿಷ್ಕೆಕ್‌ನಲ್ಲಿ ಓದುತ್ತಿದ್ದ ಮಗಳು ರಜೆಗೆ ಬಂದಿದ್ದಳು. ಅಲ್ಲಿ ವೈದ್ಯಕೀಯ ಓದುವ ಭಾರತೀಯ ವಿದ್ಯಾರ್ಥಿಗಳು ಬಹಳ ಮಂದಿ ಇರುವುದರಿಂದ ನಮ್ಮ ಇಂಗ್ಲಿಷ್ ಅವಳಿಗೆ ಹೊಸದಾಗಿರಲಿಲ್ಲ. ಬಾಗಿಲಿಗೆ ಎದುರಾಗಿರುವ ಗೌರವದ ಜಾಗದಲ್ಲಿ ನಮ್ಮನ್ನು ಕೂರಿಸಿ, ಪಿಯಾಲೆಗೆ ಅರ್ಧ ಮಾತ್ರ ಚಹಾ ಸುರಿದು ಕೊಟ್ಟರು. ಅರ್ಧ ಕೊಡುವುದು ಜಿಪುಣತನವಲ್ಲ. ಬಟ್ಟಲು ತುಂಬಿಸಿ ಕೊಟ್ಟರೆ ಕುಡಿದು ಹೊರಡಿ ಎಂದಂತೆ, ಅರ್ಧ ಕೊಟ್ಟರೆ ಮತ್ತೆ ಮತ್ತೆ ಸುರಿಯುವ ಮನಸ್ಸಿದೆ ಎಂದಂತೆ.

ನಮ್ಮ ರಾತ್ರಿಯ ಪಾಡನ್ನು ಕೇಳಿ ಎಜೆ ಮನಸಾರೆ ನಕ್ಕರು. 'ಆ ಮನೆಗೆ ನೆತ್ತಿಯೇ ಇಲ್ಲವಲ್ಲ, ಹೊಗೆ ಎಲ್ಲಿಗೆ ಹೋಗಬೇಕು, ಉಸಿರು ಎಲ್ಲಿಗೆ ಹೋಗಬೇಕು?' ಎಂದರು. ಹೊರಗೆ ಕರೆದುಕೊಂಡು ಹೋಗಿ ತುಂದುಕ್ ಮೇಲಿನ ಫೆಲ್ಟ್, ಅಂದರೆ ಒತ್ತಿದ ಉಣ್ಣೆಯ ದಪ್ಪ ಹಾಳೆಯ ಮುಚ್ಚಳವನ್ನೂ ಅದರ ಮೂಲೆಗಳಿಂದ ಇಳಿಬಿದ್ದ ಹಗ್ಗಗಳನ್ನೂ ತೋರಿಸಿದರು. ಬೆಳಿಗ್ಗೆ ಅದನ್ನು ಹಿಂದಕ್ಕೆ ಎಳೆಯುತ್ತಾರೆ, ಮಳೆ ಬಂದರೆ ಮುಂದಕ್ಕೆ ಎಳೆಯುತ್ತಾರೆ, ರಾತ್ರಿ ಗಾಳಿ ಬೀಸುವ ದಿಕ್ಕು ನೋಡಿ ಒಂದು ಬದಿಯನ್ನು ಮಾತ್ರ ಸ್ವಲ್ಪ ತೆರೆದಿಡುತ್ತಾರೆ. ಸೆಖೆಯಾದರೆ ಗೋಡೆಯ ಫೆಲ್ಟನ್ನು ಬುಡದಿಂದ ಮೇಲಕ್ಕೆ ಸುರುಳಿ ಸುತ್ತುತ್ತಾರೆ. ಕೆಳಗಿನಿಂದ ತಂಪು ಗಾಳಿ ನುಗ್ಗಿ ನೆತ್ತಿಯಿಂದ ಹೊರಡುತ್ತದೆ. ಇಷ್ಟು ಸರಳವಾದ ಹವಾ ನಿಯಂತ್ರಣವನ್ನು ತಿರುಪುಮೊಳೆಯಿಂದ ಬಿಗಿದು ಕೆಡಿಸಿ, ಅದಕ್ಕೆ ಹೆಚ್ಚು ಹಣ ಕೇಳುವುದನ್ನು ಸುಖವಾಸ ಎನ್ನುವುದಾದರೆ ನನಗೆ ಆ ಸುಖದ ಮೇಲೆ ನಂಬಿಕೆಯಿಲ್ಲ.

ಅಲ್ಲಿಂದ ಮಾತು ಉಣ್ಣೆಯತ್ತ ತಿರುಗಿತು, ತಿರುಗಿ ಅಲ್ಲಿಯೇ ನಿಂತುಬಿಟ್ಟಿತು. ಫೆಲ್ಟನ್ನು ನೇಯುವುದಿಲ್ಲ. ಕುರಿಯ ಉಣ್ಣೆಯನ್ನು ಕೋಲಿನಿಂದ ಬಡಿದು ಬಿಡಿಸಿ, ಚಿಯ್ ಎಂಬ ಜೊಂಡಿನ ಚಾಪೆಯ ಮೇಲೆ ಪದರ ಪದರವಾಗಿ ಹರಡಿ, ಕುದಿಯುವ ನೀರು ಚಿಮುಕಿಸಿ, ಚಾಪೆಸಮೇತ ಸುರುಳಿ ಸುತ್ತಿ, ಹೊತ್ತುಗಟ್ಟಲೆ ಉರುಳಿಸುತ್ತಾರೆ. ಬಿಸಿ, ನೀರು, ಒತ್ತಡ ಮೂರೂ ಸೇರಿದಾಗ ಉಣ್ಣೆಯ ಎಳೆಗಳ ಮೇಲಿನ ಸೂಕ್ಷ್ಮ ಹುರುಪೆಗಳು ಒಂದಕ್ಕೊಂದು ಕಚ್ಚಿಕೊಂಡು ಬಿಡಿಸಲಾಗದ ಹಾಳೆಯಾಗುತ್ತವೆ. ನಮ್ಮಲ್ಲಿ ಕುರುಬರು ಉಣ್ಣೆಯನ್ನು ನೂತು ಕಂಬಳಿ ನೇಯುತ್ತಾರೆ ಎಂದು ನನ್ನ ಪತ್ನಿ ಹೇಳಿದಾಗ ಎಜೆಗೆ ಸಂದೇಹ ಬಂತು. 'ನೇಯ್ದದ್ದರಲ್ಲಿ ಕಂಡಿ ಇರುತ್ತದೆ, ಮಳೆ ಒಳಗೆ ಬರುವುದಿಲ್ಲವೇ?' ಕಂಬಳಿಗೆ ಹುಣಸೆಬೀಜದ ಗಂಜಿ ಹಚ್ಚುತ್ತಾರೆ, ಅದರಿಂದ ಎಳೆಗಳು ಬಿಗಿಯಾಗಿ ಕೂಡಿಕೊಳ್ಳುತ್ತವೆ, ಮಳೆಯಲ್ಲಿ ಕುರಿ ಕಾಯುವವನು ಅದನ್ನೇ ಕೊಪ್ಪೆ ಮಾಡಿ ತಲೆಗೆ ಹಾಕಿಕೊಳ್ಳುತ್ತಾನೆ ಎಂದೆವು. ಹುಣಸೆ ಎಂದರೇನು ಎಂಬ ಪ್ರಶ್ನೆ ಎದುರಾಯಿತು. ಹುಳಿಯಾದ ಹಣ್ಣು ಎಂದರೆ ಎಜೆ ಒಣಗಿಸಿದ ಏಪ್ರಿಕಾಟನ್ನು ತಂದು ತೋರಿಸಿದರು. ಅಲ್ಲ, ಕೋಡಿನಂತೆ ಬಾಗಿದ ಕಾಯಿ ಎಂದೆವು. ಮಗಳು ಒಂದು ಕಾಗದ ತಂದಳು. ನಾನು ಬಿಡಿಸಿದ ಹುಣಸೆಕಾಯಿಯನ್ನು ನೋಡಿದ ಎಜೆಯ ಗಂಡ ಅದನ್ನು ಕುದುರೆಯ ಲಾಳ ಎಂದು ತೀರ್ಮಾನಿಸಿದರು. ಸಿಗ್ನಲ್ ಇಲ್ಲದ ಆ ಜಾಗದಲ್ಲಿ ಮೊಬೈಲಿನಲ್ಲಿ ಚಿತ್ರ ತೋರಿಸುವ ಹಾಗಿರಲಿಲ್ಲ. ಹಣ್ಣಿನ ಬೀಜದಿಂದ ಉಣ್ಣೆಗೆ ಗಂಜಿ ಹಾಕುವ ಜನರ ಬಗ್ಗೆ ಅವರಿಗೆ ಕೊನೆಗೂ ಪೂರ್ತಿ ನಂಬಿಕೆ ಬಂದಂತೆ ಕಾಣಲಿಲ್ಲ. ಆದರೆ ಮಳೆಯಲ್ಲಿ ಕಂಬಳಿಯ ತೂಕ ಎಷ್ಟಾಗುತ್ತದೆ, ಒಣಗಲು ಎಷ್ಟು ದಿನ ಬೇಕು ಎಂದು ಅವರು ಕೇಳಿದ ಪ್ರಶ್ನೆಗಳು ಕಸುಬು ಬಲ್ಲವರ ಪ್ರಶ್ನೆಗಳಾಗಿದ್ದವು.

ತುಂದುಕ್ ಅಷ್ಟು ಕಪ್ಪಾಗಿರುವುದೇಕೆ ಎಂದು ನಾನು ಕೇಳಿದೆ. ಅದು ಗಂಡನ ತಾತನ ಕಾಲದ್ದಂತೆ. ಗಳುಗಳನ್ನು ಬದಲಿಸಿದ್ದಾರೆ, ಗೋಡೆಯ ಎರಡು ಭಾಗಗಳು ಹೊಸವು, ಫೆಲ್ಟಂತೂ ಎಷ್ಟು ಸಲ ಬದಲಾಗಿದೆಯೋ ಲೆಕ್ಕವಿಲ್ಲ. ಬಳೆ ಮಾತ್ರ ಅದೇ. ಸೋವಿಯತ್ ಕಾಲದಲ್ಲಿ ಮಾವ ಸಾಮೂಹಿಕ ಫಾರ್ಮಿನ ಕುರಿಗಳನ್ನು ಮೇಯಿಸಲು ಬರುತ್ತಿದ್ದಾಗಲೂ ಇದೇ ಬಳೆಯ ಕೆಳಗೆ ಮಲಗಿದ್ದರು. ಮುಂದೆ ಇದು ಕಿರಿಯ ಮಗನಿಗೆ ಸೇರುತ್ತದೆ, ಏಕೆಂದರೆ ತಂದೆತಾಯಿಯರ ಮನೆಯನ್ನು ಉಳಿಸಿಕೊಳ್ಳುವವನು ಅವನೇ. ಕಿರಿಯ ಮಗನಿಗೆ ಕುರಿಗಳಿಗಿಂತ ಕಾರುಗಳ ಮೇಲೆ ಪ್ರೀತಿ ಹೆಚ್ಚು ಎಂದು ಮಗಳು ತಾಯಿಗೆ ಕೇಳದಂತೆ ನಮಗೆ ಇಂಗ್ಲಿಷಿನಲ್ಲಿ ಹೇಳಿದಳು.

ಅಷ್ಟರಲ್ಲಿ ಎಜೆ ಎದ್ದರು. ತುಂದುಕ್‌ನಿಂದ ಬಿದ್ದ ಬಿಸಿಲಿನ ದುಂಡು ಮಚ್ಚೆ ಪಾತ್ರೆಗಳ ಕಡೆಯಿಂದ ಸರಿದು ಗೋಡೆಗೆ ಒರಗಿಸಿದ ಹಾಸಿಗೆಗಳ ರಾಶಿಯನ್ನು ತಾಗಿತ್ತು. ಅದೇ ಹೆಣ್ಣುಕುದುರೆಗಳ ಹಾಲು ಕರೆಯುವ ಹೊತ್ತು. ಕುದುರೆಯನ್ನು ದಿನಕ್ಕೆ ಹಲವು ಸಲ ಕರೆಯಬೇಕು, ಮರಿಯನ್ನು ಎದುರಿಗೆ ತಂದು ನಿಲ್ಲಿಸದಿದ್ದರೆ ಅದು ಹಾಲು ಇಳಿಸುವುದಿಲ್ಲ. ಆ ಹಾಲನ್ನು ಹುದುಗಿಸಿ ಮಾಡಿದ ಕುಮಿಸ್ ಅಲ್ಲಿಯವರಿಗೆ ಅಮೃತ. ನನಗೆ ಅದರ ಹುಳಿಯೂ ಹೊಗೆವಾಸನೆಯೂ ಒಗ್ಗಲಿಲ್ಲ, ಎರಡನೆಯ ಗುಟುಕಿಗೆ ಧೈರ್ಯ ಬರಲಿಲ್ಲ. ಆದರೆ ಕೈಮಾಕ್ ಎಂಬ ಗಟ್ಟಿ ಕೆನೆಯನ್ನು ಬಿಸಿ ಬೋರ್ಸೋಕ್‌ಗೆ, ಅಂದರೆ ಎಣ್ಣೆಯಲ್ಲಿ ಕರಿದ ಹಿಟ್ಟಿನ ತುಂಡಿಗೆ ಹಚ್ಚಿಕೊಂಡು ತಿಂದ ಮೇಲೆ ಶಿಬಿರದ ಊಟದ ಕೋಣೆಯ ಕಡೆ ನಾವು ತಲೆ ಹಾಕಲಿಲ್ಲ. ಸಸ್ಯಾಹಾರಿಗಳು ಅಲ್ಲಿ ಬ್ರೆಡ್ಡು, ಕೆನೆ, ಆಲೂಗಡ್ಡೆ, ಚಹಾಗಳನ್ನೇ ನಂಬಿಕೊಳ್ಳಬೇಕು. ಆ ಎತ್ತರದಲ್ಲಿ ನೀರು ಸುಮಾರು 90 ಡಿಗ್ರಿಗೇ ಕುದಿಯುವುದರಿಂದ, ಬೇಳೆ ಒಯ್ದರೆ ಕುಕ್ಕರನ್ನೂ ಒಯ್ಯಬೇಕು.

ಉಳಿದ ರಾತ್ರಿಗಳನ್ನು ನಾವು ಎಜೆಯ ಅತಿಥಿಗಳ ಯರ್ಟ್‌ನಲ್ಲಿ, ನೆಲದ ಮೇಲೆ ಹಾಸಿದ ಹಾಸಿಗೆಗಳಲ್ಲಿ ಕಳೆದೆವು. ಶೌಚಾಲಯಕ್ಕೆ ಹುಲ್ಲಿನ ಮೇಲೆ ನೂರು ಹೆಜ್ಜೆ ನಡೆಯಬೇಕಾಗಿತ್ತು, ಒಣಗಿದ ಸಗಣಿಯ ಉರಿ ನಡುರಾತ್ರಿಗೆ ಆರುತ್ತಿತ್ತು, ಆದರೆ ಹೊದಿಕೆ ಒದ್ದೆಯಾಗಲಿಲ್ಲ. ಸುಖವಾಸದ ಯರ್ಟ್ ಕಾಯ್ದಿರಿಸುವವರು ಮಂಚದ ಅಳತೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ, ತುಂದುಕ್ ತೆರೆಯುತ್ತದೆಯೇ ಎಂಬುದು. ಇದು ಬರೀ ಹನಿಗಳ ಮಾತಲ್ಲ. ಮೇಲ್ಭಾಗವನ್ನು ಗಾಳಿಯಾಡದಂತೆ ಮುಚ್ಚಿ ಒಳಗೆ ಒಲೆ ಉರಿಸಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುವ ಅಪಾಯವಿದೆ, ಅದಕ್ಕೆ ವಾಸನೆಯೂ ಇಲ್ಲ. ಕೈಯಗಲದ ಎಚ್ಚರಿಕೆಯ ಸಾಧನವೊಂದನ್ನು ಚೀಲದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಹಿಂದಿರುಗುವಾಗ ಹಟಹಿಡಿದು ಕೊಚ್ಕೋರ್‌ನಲ್ಲಿ ತಂಗಿದೆವು. ಅಲ್ಲಿ ಹೆಂಗಸರು ಶಿರ್ಡಾಕ್ ಎಂಬ ಫೆಲ್ಟ್ ಜಮಖಾನೆಗಳನ್ನು ಮಾಡುತ್ತಾರೆ. 2012ರಲ್ಲಿ ಯುನೆಸ್ಕೋ ಈ ಕಲೆಯನ್ನು ತುರ್ತಾಗಿ ಕಾಪಾಡಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿದೆ. ಎರಡು ಬಣ್ಣದ ಫೆಲ್ಟನ್ನು ಒಂದರ ಮೇಲೊಂದಿಟ್ಟು ಒಂದೇ ಸಲಕ್ಕೆ ಚಿತ್ತಾರ ಕತ್ತರಿಸಿ, ಕೆಂಪಿನ ತುಂಡನ್ನು ಕಪ್ಪಿನಲ್ಲೂ ಕಪ್ಪಿನ ತುಂಡನ್ನು ಕೆಂಪಿನಲ್ಲೂ ಕೂರಿಸಿ ಹೊಲಿಯುತ್ತಾರೆ. ಚೂರೂ ಪೋಲಾಗದೆ ಜೋಡಿ ಜಮಖಾನೆಗಳು ಸಿದ್ಧವಾಗುತ್ತವೆ. ನಾವು ಒಂದನ್ನು ಕೊಂಡೆವು, ಅದರ ಜೋಡಿ ಅಂಗಡಿಯಲ್ಲಿಯೇ ಉಳಿಯಿತು.

ಊರಿಗೆ ಬಂದ ಮೇಲೆ ಪ್ರವಾಸ ಸಂಸ್ಥೆಗೆ ಗುಮ್ಮಟದ ಬಗ್ಗೆ ವಿವರವಾಗಿ ದೂರು ಬರೆದೆ. ತುಂದುಕ್ ಮೇಲೆ ಮೊದಲಿನಂತೆ ಫೆಲ್ಟ್ ಮುಚ್ಚಳವನ್ನೇ ಹಾಕಿ, ಎಳೆಯಲು ಹಗ್ಗ ಕಟ್ಟಿ ಎಂದೂ ಸೂಚಿಸಿದ್ದೆ. ಉತ್ತರ ವಿನಯವಾಗಿಯೇ ಬಂತು: ಅತಿಥಿಗಳ ಸಲಹೆಯನ್ನು ಗೌರವಿಸಿ ಮುಂದಿನ ಬೇಸಿಗೆಗೆ ಎರಡು ಪದರದ ಪ್ಲಾಸ್ಟಿಕ್ ಗುಮ್ಮಟವನ್ನು ಅಳವಡಿಸಲಾಗುವುದು, ಅದಕ್ಕೆ ತಕ್ಕಂತೆ ಬಾಡಿಗೆಯನ್ನೂ ಪರಿಷ್ಕರಿಸಲಾಗುವುದು.