ಮೇಜಿಗೆ ತಲೆಕೆಳಗಾಗಿ ಕೂತ ರೂಟರ್

ರೂಟರ್ ತಂದೆ ಅಂದಾಗ ಅಪ್ಪಯ್ಯ, "ಇದ್ದ ವೈಫೈಗೆ ಏನಾಗಿತ್ತೋ?" ಅಂದರು. ಇದು ಮರದ ಅಂಚು ಕೊರೆಯುವ ರೂಟರ್, ಒಂದೇ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಸಪೂರ ಪಟ್ಟಿಗಳ ಮೇಲೆ ಅದನ್ನು ಓಡಿಸುವುದೇ ಪಜೀತಿ. ಹಾಗಾಗಿ ಸಾಗರದ ನಮ್ಮ ಮನೆಯ ಕೊಟ್ಟಿಗೆ ಪಕ್ಕದ ಹಲಸಿನ ಮೇಜಿಗೇ ತಲೆಕೆಳಗಾಗಿ ಕೂರಿಸಿದೆ.

ಮೇಜಿನ ಹಲಗೆ ಒಂದೂವರೆ ಇಂಚು ದಪ್ಪ. ನೇರ ಅದಕ್ಕೇ ಬಿಗಿದರೆ ಬಿಟ್, ಅಂದರೆ ತಿರುಗಿ ಕೊರೆಯುವ ಅಲಗು, ಹಲಗೆಯ ಮೇಲೆ ಇಣುಕುವುದೇ ಇಲ್ಲ. ಅದಕ್ಕೆ ರೂಟರ್ ಬಿಗಿಯಲು 6 ಮಿ.ಮೀ. ಅಲ್ಯುಮಿನಿಯಂ ಪ್ಲೇಟ್. ರೂಟರಿನ ಅಡಿಯ ಪ್ಲಾಸ್ಟಿಕ್ ಬಿಲ್ಲೆ ಬಿಚ್ಚಿ, ಪ್ಲೇಟಿನ ಮೇಲಿಟ್ಟು ತೂತುಗಳ ಗುರುತು ಹಾಕಿಕೊಂಡೆ. ಹಲಗೆಯಲ್ಲಿ ಮೊದಲು ಪ್ಲೇಟ್ ಕೂರುವ ಮೆಟ್ಟಿಲು ಕೊರೆದು, ಆಮೇಲೆ ನಡುವಿನ ಭಾಗ ಕತ್ತರಿಸಿದೆ. ಈ ಕ್ರಮ ಉಲ್ಟಾ ಮಾಡಿದರೆ ಮೆಟ್ಟಿಲು ಕೊರೆಯುವಾಗ ರೂಟರ್‌ಗೆ ಆಸರೆಯೇ ಇರುವುದಿಲ್ಲ.

ಬೇಸಗೆಯಲ್ಲಿ ಕಾಗದವೂ ತೂರದಷ್ಟು ಬಿಗಿಯಾಗಿ ಕೂರಿಸಿ ಬೀಗಿದ್ದೆ. ಆಷಾಢದ ಮಳೆ ಹಿಡಿಯಿತು ನೋಡಿ, ಹಲಗೆ ತೇವ ಕುಡಿದು ಉಬ್ಬಿ ಪ್ಲೇಟನ್ನು ಕಚ್ಚಿಕೊಂಡಿತು. ಬಿಟ್ ಬದಲಿಸಲು ಅಡಿಯಿಂದ ಕೊಡತಿಯಲ್ಲಿ ತಟ್ಟಿ ಎಬ್ಬಿಸಬೇಕಾಯಿತು. ಮರ ಉದ್ದಕ್ಕೆ ಅಷ್ಟಾಗಿ ಹಿಗ್ಗುವುದಿಲ್ಲ, ಅಗಲಕ್ಕೆ ಹಿಗ್ಗುತ್ತದೆ. ಈಗ ಅಗಲದ ಎರಡೂ ಬದಿ ಕೀಸಿ ಒಂದೊಂದು ಮಿ.ಮೀ. ಸಡಿಲ ಬಿಟ್ಟಿದ್ದೇನೆ. ಮಟ್ಟ ಸರಿಪಡಿಸಲು ನಾಲ್ಕು ಮೂಲೆಗೂ ಅಡಿಯಲ್ಲಿ ಸ್ಕ್ರೂ.

ತಲೆಕೆಳಗಾದ ಮೇಲೆ ಬಿಟ್ ತಿರುಗುವ ದಿಕ್ಕೂ ಬೇರೆ. ಮರವನ್ನು ಆನಿಸಿ ತಳ್ಳುವ ಬೇಲಿಪಟ್ಟಿ ಬಿಟ್‌ನ ಹಿಂದಿದ್ದಾಗ ಮರವನ್ನು ಬಲದಿಂದ ಎಡಕ್ಕೇ ತಳ್ಳಬೇಕು. ಮರೆತು ಎಡದಿಂದ ತಳ್ಳಿದ ಪಟ್ಟಿ ಕೈಯಿಂದ ಹಾರಿ ಅಡಕೆ ಚೀಲಕ್ಕೆ ಬಡಿಯಿತು. ಪುಣ್ಯಕ್ಕೆ ಬೆರಳು ಉಳಿಯಿತು.

ಅಪ್ಪಯ್ಯನಿಗೆ ಇದೊಂದನ್ನೂ ಹೇಳಿಲ್ಲ. ನಿನ್ನೆ ಊಟದ ಮಣೆ ನಾಲ್ಕು ತಂದಿಟ್ಟು, "ಇದರ ಅಂಚು ದುಂಡಗೆ ಮಾಡ್ತದೇನೋ ನಿನ್ನ ವೈಫೈ?" ಅಂತ ಕೇಳಿದರು.