ಎಸ್ಸೆಸ್ಸೆಲ್ಸಿ ಮುಗಿದ ಮಗಳಿಗೆ ಯಾವ ಸೈಬರ್ ಸೆಕ್ಯುರಿಟಿ ಕೋರ್ಸು?

“ಮಗಳು ಸೈಬರ್ ಸೆಕ್ಯುರಿಟಿಗೇ ಹೋಗ್ತೀನಿ ಅಂತಾಳೆ. ರಜೆಯಲ್ಲಿ ಯಾವ ಕೋರ್ಸಿಗೆ ಸೇರಿಸೋಣ?” ಪಿಯುಸಿ ಅರ್ಜಿ ತುಂಬುವ ಹೊತ್ತಿಗೆ ಬೆಂಗಳೂರಿನ ಅಪ್ಪ ಅಮ್ಮಂದಿರು ತಪ್ಪದೆ ಕೇಳುವ ಪ್ರಶ್ನೆ ಇದು. ದುಡ್ಡು ಕಟ್ಟುವ ಯಾವ ಕೋರ್ಸೂ ಈಗ ಬೇಡ ಎನ್ನುವುದೇ ನನ್ನ ಉತ್ತರ. ಸೆಕ್ಯುರಿಟಿ ಪ್ಲಸ್, ಸಿಇಎಚ್‌ನಂಥ ಸರ್ಟಿಫಿಕೇಟುಗಳ ಆಯುಸ್ಸು 3 ವರ್ಷ. ಪಿಯುಸಿಗೆ 2, ಎಂಜಿನಿಯರಿಂಗಿಗೆ 4 ವರ್ಷ ಕೂಡಿಸಿ ನೋಡಿ: ಈಗ ಪಡೆದದ್ದು ಕೆಲಸಕ್ಕೆ ಅರ್ಜಿ ಹಾಕುವ ಎಷ್ಟೋ ಮೊದಲೇ ಅವಧಿ ಮೀರಿರುತ್ತದೆ.

ಅದರ ಬದಲು ಮನೆಯವರ ಫೋನುಗಳನ್ನೆಲ್ಲ ಭದ್ರ ಮಾಡುವ ಹೊಣೆ ಅವಳಿಗೆ ಕೊಡಿ.

ಮೊದಲು ಜಿಮೇಲ್. ಉಳಿದ ಖಾತೆಗಳ ಪಾಸ್‌ವರ್ಡ್ ಬದಲಿಸುವ ಲಿಂಕ್ ಬರುವುದು ಅಲ್ಲಿಗೇ. ಬೇರೆಲ್ಲೂ ಬಳಸದ ಉದ್ದನೆಯ ಪಾಸ್‌ವರ್ಡ್ ಇಟ್ಟು, ಅಥೆಂಟಿಕೇಟರ್ ಆ್ಯಪ್ ಜೋಡಿಸಲಿ. ಅದು ಗಡಿಯಾರ ನೋಡಿಕೊಂಡು ಪಾಸ್‌ವರ್ಡ್ ಜೊತೆಗೆ ಹಾಕಬೇಕಾದ 6 ಅಂಕಿಯ ಹೊಸ ಕೋಡನ್ನು 30 ಸೆಕೆಂಡಿಗೊಮ್ಮೆ ಕೊಡುತ್ತದೆ. ಫೋನಿನ ಸಮಯವನ್ನು ಕೈಯಾರೆ ಬದಲಿಸಿದ್ದರೆ ಕೋಡ್ ತಪ್ಪೆಂದೇ ಬರುತ್ತಿರುತ್ತದೆ. ಆ್ಯಪ್ ಕೈಗೆ ಸಿಗದಾಗ ಬಳಸಲೆಂದು ಗೂಗಲ್ ಕೊಡುವ 10 ಬ್ಯಾಕಪ್ ಕೋಡುಗಳನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ. ಸ್ಕ್ರೀನ್‌ಶಾಟ್ ತೆಗೆದು ಅದೇ ಫೋನಿನಲ್ಲಿಟ್ಟರೆ, ಫೋನು ಕಳೆದ ದಿನ ಕೋಡೂ ಹೋಯಿತು. ವಾಟ್ಸಾಪ್ ಸೆಟ್ಟಿಂಗ್ಸ್‌ನ ಅಕೌಂಟ್‌ನಲ್ಲಿ ಟೂ ಸ್ಟೆಪ್ ವೆರಿಫಿಕೇಶನ್ ಇದೆ. ಅಲ್ಲಿ 6 ಅಂಕಿಯ ಪಿನ್ ಹಾಕಲಿ, ಹುಟ್ಟಿದ ತಾರೀಖು ಮಾತ್ರ ಬೇಡ.

ಆಮೇಲೆ ವೆಬ್ ವಿಳಾಸ ಓದುವುದು. “ಇಂದು ರಾತ್ರಿ ನಿಮ್ಮ ಕರೆಂಟ್ ಕಟ್” ಎಂದು ಬೆಸ್ಕಾಂ ಹೆಸರಿನಲ್ಲಿ ಬರುವ ಸುಳ್ಳು ಮೆಸೇಜಿನಿಂದಲೇ ಕಲಿಯಬಹುದು. ಮೊದಲ ಒಂಟಿ ಓರೆಗೆರೆ ಹುಡುಕಿ, ಅಲ್ಲಿಂದ ಎಡಕ್ಕೆ ಓದಬೇಕು. ‘ಬೆಸ್ಕಾಂ.ಬಿಲ್-ಪೇ.ಶಾಪ್/’ ಎಂದಿದ್ದರೆ ಆ ಜಾಲತಾಣದ ನಿಜವಾದ ಹೆಸರು ‘ಬಿಲ್-ಪೇ.ಶಾಪ್’; ಬೆಸ್ಕಾಂ ಎಂಬುದನ್ನು ಯಾರು ಬೇಕಾದರೂ ಮುಂದೆ ಅಂಟಿಸಿಕೊಳ್ಳಬಹುದು.

ಟ್ರಾಫಿಕ್ ದಂಡ, ಮದುವೆ ಕರೆಯೋಲೆ ಎಂದು ವಾಟ್ಸಾಪಿನಲ್ಲಿ ಬರುವ ಎಪಿಕೆ ಫೈಲು, ಅಂದರೆ ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಫೈಲು, ಇನ್ನೂ ಅಪಾಯ. ಎಸ್ಸೆಮ್ಮೆಸ್ ಓದಲು ಅನುಮತಿ ಗಿಟ್ಟಿಸಿಕೊಂಡು ಓಟಿಪಿಯನ್ನು ಕಳ್ಳರಿಗೆ ದಾಟಿಸುತ್ತದೆ. ತಾತ ಒತ್ತಿಬಿಟ್ಟರೆ ತಕ್ಷಣ ಏರೋಪ್ಲೇನ್ ಮೋಡ್ ಹಾಕಿ, ವೈಫೈ ಆರಿದೆಯೇ ನೋಡಿ, ಬೇರೆ ಫೋನಿನಿಂದ ಬ್ಯಾಂಕಿಗೂ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೂ ಕರೆ ಮಾಡಬೇಕು. ಕದ್ದ ದುಡ್ಡು ಖಾತೆಯಿಂದ ಖಾತೆಗೆ ದಾಟುತ್ತಲೇ ಇರುತ್ತದೆ, ತಡವಾದಷ್ಟೂ ತಡೆಹಿಡಿಯುವುದು ಕಷ್ಟ. ಮೆಸೇಜು ಅಳಿಸಬೇಡಿ, ಅದು ಪುರಾವೆ. ತಾತನನ್ನು ಬೈಯಲೂಬೇಡಿ. ಬೈಸಿಕೊಂಡವರು ಮುಂದಿನ ಸಲ ಮುಚ್ಚಿಡುತ್ತಾರೆ. ಕಂಪನಿಗಳಲ್ಲೂ ಹೀಗೇ: ತಪ್ಪು ಒತ್ತಿದ ನೌಕರ ಹೆದರಿ ಸುಮ್ಮನಿದ್ದಷ್ಟು ಹೊತ್ತೂ ಹಾನಿ ಬೆಳೆಯುತ್ತದೆ.

ಇಷ್ಟು ಮಾಡಿಯೂ ಆಸೆ ಉಳಿದಿದ್ದರೆ ಓವರ್‌ದವೈರ್ ಜಾಲತಾಣದ ‘ಬ್ಯಾಂಡಿಟ್’ ಆಟ ಶುರುಮಾಡಲಿ. ಪೂರ್ತಿ ಉಚಿತ, ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ಕಮಾಂಡುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕಲಿಸುತ್ತದೆ. ಆಟದ ಸರ್ವರಿಗೆ ಲಾಗಿನ್ ಆಗುವ ಎಸ್‌ಎಸ್‌ಎಚ್ ಕಮಾಂಡಿನಲ್ಲಿ ಪೋರ್ಟ್ (ಸರ್ವರಿನ ಬಾಗಿಲ ನಂಬರು) 2220 ಎಂದು ಹೇಳದಿದ್ದರೆ ಅದು 22ಕ್ಕೆ ಹೋಗುತ್ತದೆ. ಮೊದಲ ದಿನ ಎಡವುವುದು ಇಲ್ಲೇ. ಪಾಸ್‌ವರ್ಡ್ ಹೊಡೆಯುವಾಗ ಪರದೆಯ ಮೇಲೆ ಏನೂ ಮೂಡುವುದಿಲ್ಲ, ಕೀಬೋರ್ಡ್ ಕೆಟ್ಟಿರುವುದಿಲ್ಲ. ಮುಂದಕ್ಕೆ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಪಿಕೋಸಿಟಿಎಫ್ ಎಂಬ ಹ್ಯಾಕಿಂಗ್ ಒಗಟುಗಳ ಸ್ಪರ್ಧೆ ಇದೆ, ಅದೂ ಉಚಿತ.

ಕಲಿತದ್ದನ್ನು ಶಾಲೆಯ ಪೋರ್ಟಲ್ ಮೇಲೋ ಪಕ್ಕದ ಮನೆಯ ವೈಫೈ ಮೇಲೋ ಪ್ರಯೋಗಿಸಕೂಡದು. ಅನುಮತಿಯಿಲ್ಲದೆ ಮೋಸದ ಉದ್ದೇಶದಿಂದ ಒಳಹೊಕ್ಕರೆ ಐಟಿ ಕಾಯ್ದೆಯ 66ನೇ ಸೆಕ್ಷನ್ ಪ್ರಕಾರ 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. “ಸುಮ್ಮನೆ ನೋಡಿದೆ” ಎಂದು ಪೊಲೀಸರನ್ನು ಒಪ್ಪಿಸುವ ಗತಿ ಆ ವಯಸ್ಸಿಗೆ ಬರಬಾರದು.

ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸೇ ಬೇಕೆಂದಿಲ್ಲ. ಸಿಇಟಿಯ ಎಂಜಿನಿಯರಿಂಗ್ ರ‍್ಯಾಂಕಿಗೆ ಲೆಕ್ಕವಾಗುವುದು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ. ಕಾಮರ್ಸ್ ಓದಿದವರಿಗೆ ಬಿಸಿಎ ದಾರಿ ಇದೆ, ಸೆಕ್ಯುರಿಟಿ ಆಡಿಟ್ ಕೆಲಸವೂ ಇದೆ. ಎಲೆಕ್ಟ್ರಾನಿಕ್ ಸಿಟಿ, ಮಾನ್ಯತಾ ಕಡೆಯ ಕಂಪನಿಗಳಲ್ಲಿ ಹೊಸಬರಿಗೆ ಸಾಮಾನ್ಯವಾಗಿ ಸಿಗುವುದು ಎಸ್‌ಒಸಿ (ಸೆಕ್ಯುರಿಟಿ ಆಪರೇಷನ್ಸ್ ಸೆಂಟರ್) ಕೆಲಸ: ಸಾಲುಗಟ್ಟಿ ಬರುವ ಅಲರ್ಟುಗಳಲ್ಲಿ ಜೊಳ್ಳು ತೂರಿ, ಉಳಿದದ್ದಕ್ಕೆ ವರದಿ ಬರೆಯುವುದು, ಎಷ್ಟೋ ಕಡೆ ರಾತ್ರಿ ಪಾಳಿಯಲ್ಲಿ. ಬರವಣಿಗೆ ಬಾರದವರು ಅಲ್ಲಿ ಬೇಗ ಸಿಕ್ಕಿಬೀಳುತ್ತಾರೆ. ಬ್ಯಾಂಡಿಟ್‌ನ ಪ್ರತಿ ಮೆಟ್ಟಿಲು ಹತ್ತಿದ ಮೇಲೂ ಯಾವ ಕಮಾಂಡ್ ಕೊಟ್ಟೆ, ಏನು ಕಂಡಿತು, ಯಾಕೆ ಫಲಿಸಿತು ಎಂದು ನೋಟ್‌ಬುಕ್ಕಿನಲ್ಲಿ ಅರ್ಧ ಪುಟ ಬರೆದಿಡಲು ಹೇಳಿ.